ನನ್ನ ಕರ್ನಲ್ ಮೇಲೆ ಒತ್ತಕ್ಷರ ಮೂಡಿದ್ದು

ನಾನು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎರಡು ವರ್ಷ ಬರೀ ಇಂಗ್ಲಿಷ್ ತೋರಿಸುತ್ತಿತ್ತು, ಅದೂ 8×16 ಚುಕ್ಕೆಗಳ ಅಕ್ಷರದಲ್ಲಿ. ಅಲ್ಲಿ ಕನ್ನಡ ಕಾಣಲೇಬೇಕೆಂದು ಹಟ ಹಿಡಿದೆ.

ಮೊದಲು ಸಿ ಲೈಬ್ರರಿ ಬೇಕು. ನ್ಯೂಲಿಬ್ ಎಂಬ ಪುಟ್ಟ ಸಿ ಲೈಬ್ರರಿ ತಂದೆ. ಅದು ಕರ್ನಲ್‌ನಿಂದ (ಸಿಸ್ಟಮ್ಮಿನ ತಿರುಳು) ಕೇಳುವ ಕಾಲ್‌ಗಳು, ಅಂದರೆ ಸೇವೆಗಳು, ಇಪ್ಪತ್ತರೊಳಗೆ. ರೀಡ್, ರೈಟ್, ಮೆಮೊರಿ ಕೇಳುವ ಎಸ್‌ಬ್ರೇಕ್ ನಿಜವಾಗಿ ಬರೆದೆ. ಹೊಸ ಪ್ರಕ್ರಿಯೆ ಹುಟ್ಟಿಸುವ ಫೋರ್ಕ್‌ನಂಥವಕ್ಕೆ ಸದ್ಯಕ್ಕೆ ಎರರ್ ವಾಪಸ್. ಫಾಂಟಿನ ಅಕ್ಷರ ಬಿಡಿಸುವ ಲೈಬ್ರರಿ ಫ್ರೀಟೈಪ್ ಸಲೀಸಾಗಿ ಬಂತು. ನನ್ನ ಫೈಲ್ ಸಿಸ್ಟಮ್ ಇನ್ನೂ ಅರೆಬರೆ ಇದ್ದದ್ದರಿಂದ ಫಾಂಟನ್ನು ಬೂಟ್ ಇಮೇಜಿಗೇ ಸೇರಿಸಿ, ಮೆಮೊರಿಯಿಂದ ಓದಿಸಿದೆ.

‘ಅಕ್ಕ’ ಎಂದು ಬರೆಸಿದೆ. ಬಂದದ್ದು ಅ, ಕ, ಪಕ್ಕದಲ್ಲಿ ಬಿಡಿಯಾಗಿ ನಿಂತ ಹಲಂತದ ಗುರುತು, ಆಮೇಲೆ ಮತ್ತೊಂದು ಇಡೀ ಕ. ತಪ್ಪು ಫ್ರೀಟೈಪಿನದಲ್ಲ, ಹೇಳಿದ ಗ್ಲಿಫ್ (ಫಾಂಟಿನೊಳಗಿನ ಅಕ್ಷರದ ಚಿತ್ರ) ಬಿಡಿಸುವುದಷ್ಟೇ ಅದರ ಕೆಲಸ. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಬೇರೆ ಕೋಡ್ ಇಲ್ಲ. ಫಾಂಟಿನೊಳಗಿನ ಕೋಷ್ಟಕ ಓದಿ, ಯಾವುದು ಒತ್ತಾಗಬೇಕೆಂದು ತೀರ್ಮಾನಿಸುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿ.

ಅದು ಸಿ++. ನನ್ನಲ್ಲಿ ಸಿ++ ಲೈಬ್ರರಿಯೇ ಇರಲಿಲ್ಲ. ಆದರೆ ಹಾರ್ಫ್‌ಬಜ್ ಬರೆದವರು ಆ ಲೈಬ್ರರಿಯನ್ನು ನೆಚ್ಚುವ ಎಕ್ಸೆಪ್ಶನ್ (ಸಿ++ನ ದೋಷ ನಿಭಾಯಿಸುವ ವ್ಯವಸ್ಥೆ), ಆರ್‌ಟಿಟಿಐ (ಓಡುವಾಗ ಟೈಪ್ ಗುರುತಿಸುವ ವ್ಯವಸ್ಥೆ) ಎರಡೂ ಬೇಡದಂತೆ ಕಟ್ಟಿದ್ದಾರೆ. ಇಡೀ ಲೈಬ್ರರಿಯನ್ನು ಒಂದೇ ಫೈಲಾಗಿ ಕಂಪೈಲ್ ಮಾಡಬಹುದು. ಥ್ರೆಡ್ ಬೆಂಬಲ ತೆಗೆದುಹಾಕಿ ಲಿಂಕ್ ಮಾಡಿದೆ. ಓಡಿಸಿದ ಕೂಡಲೇ ಎಕ್ಸೆಪ್ಶನ್ 13; ಇದು ಸಿ++ನದಲ್ಲ, ನಿಯಮ ಮುರಿದಾಗ ಪ್ರೊಸೆಸರ್ ಎತ್ತುವ ದೋಷ.

ಎರಡು ರಾತ್ರಿ ಹಾರ್ಫ್‌ಬಜ್ ಕೋಡನ್ನೇ ಅನುಮಾನಿಸಿದೆ. ಕೊನೆಗೆ ಬಿದ್ದ ಜಾಗದ ಅಸೆಂಬ್ಲಿ ತೆಗೆದು ನೋಡಿದರೆ ಅಲ್ಲಿದ್ದದ್ದು 16 ಬೈಟ್ ಒಟ್ಟಿಗೆ ಸಾಗಿಸುವ ‘ಮೂವ್‌ಆಪ್ಸ್’ ಎಂಬ ಪ್ರೊಸೆಸರ್ ಆದೇಶ. ಅದಕ್ಕೆ ವಿಳಾಸ 16ರಿಂದ ಭಾಗವಾಗಲೇಬೇಕು; ನನ್ನ ಸ್ಟ್ಯಾಕ್ (ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿ) ವಿಳಾಸದ ಕೊನೆಯ ಹೆಕ್ಸ್ ಅಂಕಿ 8, ಅಂದರೆ ಭಾಗಿಸಿದರೆ 8 ಉಳಿಯುತ್ತದೆ. ಪ್ರೋಗ್ರಾಂ ಶುರು ಮಾಡುವಾಗ ನನ್ನ ಕರ್ನಲ್ಲೇ ಸ್ಟ್ಯಾಕಿನ ಮೇಲೆ 8 ಬೈಟ್ ಹೆಚ್ಚಿಗೆ ಇಟ್ಟಿತ್ತು. ಮೊದಲ ದಿನದಿಂದಲೂ ಇದ್ದ ತಪ್ಪು, ಅಷ್ಟು ದಿನ ಯಾವ ಪ್ರೋಗ್ರಾಮೂ ಅದನ್ನು ತುಳಿದಿರಲಿಲ್ಲ. ಸ್ಟಾರ್ಟಪ್ ಕೋಡಿನಲ್ಲಿ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಪೋರ್ಟಿಂಗ್, ಅಂದರೆ ಬೇರೆ ಸಿಸ್ಟಮ್ಮಿನ ಕೋಡನ್ನು ನಮ್ಮದಕ್ಕೆ ತರುವುದು, ನನಗೆ ಇಷ್ಟವಾಗುವುದು ಇದಕ್ಕೇ: ಬೇರೆಯವರ ಕೋಡ್ ಬಂದು ನಮ್ಮ ಕೋಡನ್ನು ಪರೀಕ್ಷೆ ಮಾಡುತ್ತದೆ.

‘ಅಕ್ಕ’ ಸರಿಯಾಗಿ ಬಂತು. ಆಮೇಲೆ ‘ಸೂರ್ಯ’ ಬರೆಸಿದೆ. ರ್ ಅನ್ನು ಅರ್ಕಾವೊತ್ತಾಗಿ ತೋರಿಸುವ ಫಾಂಟ್ ಅದು. ಮೊದಲು ಬರೆದ ರ್ ತಾನಾಗಿ ಯ ದಾಟಿ ಬಲಕ್ಕೆ ಹೋಗಿ ಕೂತಿತು. ಎದ್ದು ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಎಡಿಟರಿನಲ್ಲಿ ಕರ್ಸರ್ ಮಾತ್ರ ಇನ್ನೂ ಒತ್ತಕ್ಷರದ ನಡುವೆ ನಿಲ್ಲುತ್ತದೆ. ಹಾರ್ಫ್‌ಬಜ್ ಕೊಡುವ ಕ್ಲಸ್ಟರ್ ಸಂಖ್ಯೆ (ಯಾವ ಗ್ಲಿಫ್ ಯಾವ ಅಕ್ಷರಗಳಿಂದ ಬಂತೆಂಬ ಗುರುತು) ಹಿಡಿದು ಅದನ್ನು ಸರಿಮಾಡುತ್ತಿದ್ದೇನೆ.