ತಳ್ಳುಗಾಡಿಗೂ ಬ್ಯಾಂಕ್ ಸಾಲ: ಪಿಎಂ ಸ್ವನಿಧಿ ಹಣ ಪಡೆಯುವುದು ಹೇಗೆ?

ಕೊರೊನಾ ಲಾಕ್‌ಡೌನ್ ತೆರವಾದಾಗ ಬೀದಿ ವ್ಯಾಪಾರಿಗಳ ಹತ್ತಿರ ಗಾಡಿ ಇತ್ತು, ತೂಕದ ತಕ್ಕಡಿ ಇತ್ತು, ಕೂರುವ ಜಾಗವೂ ಇತ್ತು. ಮಾಲು ಹಾಕಲು ದುಡ್ಡು ಮಾತ್ರ ಇರಲಿಲ್ಲ. ಕೈಯಲ್ಲಿದ್ದ ಮೂರ್ನಾಲ್ಕು ಸಾವಿರ ಅಕ್ಕಿ, ಬೇಳೆ, ಬಾಡಿಗೆಗೆ ಕರಗಿ ಹೋಗಿತ್ತು. ಅಂಥವರಿಗಾಗಿ ಕೇಂದ್ರ ಸರ್ಕಾರ 2020ರ ಜೂನ್ 1ರಂದು ಪಿಎಂ ಸ್ವನಿಧಿ ಯೋಜನೆ ಶುರು ಮಾಡಿತು. ಆಸ್ತಿ ಅಡ ಇಡದೆ, ಜಾಮೀನು ಇಲ್ಲದೆ 10 ಸಾವಿರ ರೂಪಾಯಿ ಸಾಲ.

ಕೊರೊನಾ ಹೋಯಿತು, ಯೋಜನೆಯೂ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಗಿದಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಇದನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಿದೆ, ಮೊತ್ತವನ್ನೂ ಜಾಸ್ತಿ ಮಾಡಿದೆ. ಈಗ ಮೊದಲ ಸಾಲ 15 ಸಾವಿರದವರೆಗೆ, ಅದನ್ನು ತೀರಿಸಿದರೆ ಎರಡನೆಯದು 25 ಸಾವಿರದವರೆಗೆ, ಅದನ್ನೂ ತೀರಿಸಿದರೆ ಮೂರನೆಯದು 50 ಸಾವಿರದವರೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸಾಲ, ಪರಿಹಾರ ಅಲ್ಲ. ‘ಸರ್ಕಾರದ ದುಡ್ಡು, ಕಟ್ಟದಿದ್ದರೂ ನಡೆಯುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದುಡ್ಡು ಕೊಡುವುದು ಬ್ಯಾಂಕ್, ಸರ್ಕಾರ ಅದಕ್ಕೆ ಖಾತರಿ ನಿಂತು ಬಡ್ಡಿಯಲ್ಲಿ ಒಂದು ಪಾಲು ಹೊರುತ್ತದೆ ಅಷ್ಟೆ. ಕಂತು ತಪ್ಪಿದರೆ ಬಡ್ಡಿ ಸಹಾಯಧನಕ್ಕೂ ಕುತ್ತು, ಮುಂದಿನ ಸಾಲಕ್ಕೂ ಕುತ್ತು.

ಹಾಗಾದರೆ ಸಾಲ ಯಾಕೆ ಬೇಕು? ಲೆಕ್ಕ ಹಾಕಿ ನೋಡಿ. ಮಾರುಕಟ್ಟೆಯಲ್ಲಿ ಬೆಳಗ್ಗೆ 900 ರೂಪಾಯಿ ಕೊಟ್ಟು ಸಂಜೆ 1,000 ವಸೂಲಿ ಮಾಡುವ ಮೀಟರ್ ಬಡ್ಡಿಯವರು ಎಲ್ಲ ಊರಲ್ಲೂ ಇದ್ದಾರೆ. ತಿಂಗಳಿಗೆ 25 ದಿನ ವ್ಯಾಪಾರ ಮಾಡಿದರೂ ಅವರಿಗೆ ಹೋಗುವುದು 2,500 ರೂಪಾಯಿ, ಅದೂ ಬರೀ 900 ರೂಪಾಯಿ ಬಂಡವಾಳಕ್ಕೆ. ಅದೇ ಬ್ಯಾಂಕಿನಿಂದ 15 ಸಾವಿರ ತಗೊಂಡಿರಿ, ಬಡ್ಡಿ ವರ್ಷಕ್ಕೆ ಶೇ 12 ಅಂತಿಟ್ಟುಕೊಳ್ಳಿ, 12 ತಿಂಗಳ ಕಂತು. ತಿಂಗಳಿಗೆ ಸುಮಾರು 1,333 ರೂಪಾಯಿ ಕಟ್ಟುತ್ತೀರಿ, ಇಡೀ ವರ್ಷದ ಬಡ್ಡಿ ಸಾವಿರ ರೂಪಾಯಿಯ ಒಳಗೇ ಇರುತ್ತದೆ. ಆ ಶೇ 12ರ ಬಡ್ಡಿಯಲ್ಲಿ ಶೇ 7ರಷ್ಟು ಸಹಾಯಧನವಾಗಿ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಕೊನೆಗೆ ನಿಮ್ಮ ಕೈಯಿಂದ ಹೋಗುವುದು 400 ರೂಪಾಯಿ ಚಿಲ್ಲರೆ. ಅಲ್ಲಿ ನಾಲ್ಕು ದಿನಕ್ಕೆ ಕೊಡುವಷ್ಟು ಬಡ್ಡಿ ಇಲ್ಲಿ ವರ್ಷಕ್ಕೆ. ಈ ಒಂದು ಕಾರಣಕ್ಕೇ ಪ್ರತಿ ಬೀದಿ ವ್ಯಾಪಾರಿಯೂ ಇದನ್ನು ತಗೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಮೊಬೈಲ್ ನಂಬರ್ ನೋಡಿಕೊಳ್ಳಿ

ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಜೋಡಣೆ ಆಗಿದೆಯಾ? ಆಗದಿದ್ದರೆ ಒಟಿಪಿ ಬರುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಹಳೇ ಸಿಮ್ ಕಳೆದುಕೊಂಡವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಿ. ಜೊತೆಗೆ ಮತದಾರರ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಎಲ್ಲ ಕಡೆ ಹೆಸರು ಒಂದೇ ಥರ ಇದೆಯಾ ಅಂತಲೂ ನೋಡಿ. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಸುಮ್ನೆ ಓಡಾಟ.

ನೀವು ಬೀದಿ ವ್ಯಾಪಾರಿ ಅನ್ನುವುದಕ್ಕೆ ಪುರಾವೆ

ಹೆಚ್ಚಿನವರು ಸೋತು ಕೈಬಿಡುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ. ನಗರಸಭೆಯೋ ಪಾಲಿಕೆಯೋ ಸಮೀಕ್ಷೆ ಮಾಡಿ ಕೊಟ್ಟ ಗುರುತಿನ ಚೀಟಿ ಅಥವಾ ವ್ಯಾಪಾರ ಪ್ರಮಾಣಪತ್ರ ಇದ್ದರೆ ಕೆಲಸ ಸಲೀಸು. ಸಮೀಕ್ಷೆಯಲ್ಲಿ ಹೆಸರಿದ್ದು ಕಾರ್ಡ್ ಮಾತ್ರ ಕೈಗೆ ಬಂದಿಲ್ಲ ಅಂದರೂ ತೊಂದರೆ ಇಲ್ಲ, ತಾತ್ಕಾಲಿಕ ಪ್ರಮಾಣಪತ್ರಕ್ಕೆ ಅವಕಾಶ ಇದೆ.

ಸಮೀಕ್ಷೆಗೆ ಬಂದ ದಿನ ನೀವು ಗಾಡಿ ಹಾಕಿರಲಿಲ್ಲ, ಪಟ್ಟಿಯಲ್ಲಿ ಹೆಸರೇ ಇಲ್ಲ ಅಂದುಕೊಳ್ಳಿ. ಅಥವಾ ನೀವು ಪಕ್ಕದ ಹಳ್ಳಿಯವರು, ದಿನಾ ಪಟ್ಟಣಕ್ಕೆ ಬಂದು ಸೊಪ್ಪು ಮಾರಿ ಹೋಗುತ್ತೀರಿ. ಆಗಲೂ ದಾರಿ ಇದೆ. ಅದರ ಹೆಸರು ಶಿಫಾರಸು ಪತ್ರ. ಅದನ್ನು ಕೊಡುವುದು ನಿಮ್ಮ ಊರಿನ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ. ಬೀದಿ ವ್ಯಾಪಾರಿಗಳ ಸಂಘದ ಸದಸ್ಯತ್ವ ಇದ್ದರೆ ಅದು ಪುರಾವೆ. ಹಿಂದೆ ವ್ಯಾಪಾರಕ್ಕೆ ಅಂತ ಪಡೆದ ಸಾಲದ ಕಾಗದ ಇದ್ದರೆ ಅದೂ ಪುರಾವೆ. 2021ರ ಎರಡನೇ ಅಲೆಯಲ್ಲಿ ರಾಜ್ಯ ಸರ್ಕಾರ ಬೀದಿ ವ್ಯಾಪಾರಿಗಳಿಗೆ ತಲಾ 2 ಸಾವಿರ ರೂಪಾಯಿ ಘೋಷಿಸಿತ್ತಲ್ಲ, ಲಾಕ್‌ಡೌನ್ ಕಾಲದ ಅಂಥ ನೆರವು ಪಡೆದ ದಾಖಲೆಯನ್ನೂ ತೋರಿಸಬಹುದು.

ಇದ್ಯಾವುದೂ ಇಲ್ಲವಾ? ಒಂದು ಬಿಳಿ ಹಾಳೆ ಸಾಕು. ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ‘ನಾನು ಬಸ್ ನಿಲ್ದಾಣದ ಎದುರು, ಮೆಡಿಕಲ್ ಅಂಗಡಿ ಪಕ್ಕ ದಿನಾ ಸಂಜೆ 4ರಿಂದ ರಾತ್ರಿ 9ರವರೆಗೆ ಗೋಬಿ ಮಂಚೂರಿ ಗಾಡಿ ಹಾಕುತ್ತೇನೆ, ದಯವಿಟ್ಟು ಸ್ಥಳ ಪರಿಶೀಲಿಸಿ ಶಿಫಾರಸು ಪತ್ರ ಕೊಡಿ’ ಅಂತ ಜಾಗ, ಹೊತ್ತು, ಮಾರುವ ವಸ್ತು ಮೂರನ್ನೂ ಬಿಡಿಸಿ ಬರೆಯಿರಿ. ಹೊತ್ತು ಬರೆಯುವುದು ಮುಖ್ಯ, ಯಾಕೆಂದರೆ ಪರಿಶೀಲನೆಗೆ ಬೆಳಗ್ಗೆ ಹನ್ನೊಂದಕ್ಕೆ ಬಂದರೆ ನಿಮ್ಮ ಗಾಡಿ ಅಲ್ಲಿ ಇರುವುದಿಲ್ಲ ಅಲ್ವಾ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ಶಿಫಾರಸು ಪತ್ರದ ಅರ್ಜಿಯನ್ನು 15 ದಿನದಲ್ಲಿ ವಿಲೇವಾರಿ ಮಾಡಬೇಕು ಅಂತ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಆ ಸೀಲು ಇದ್ದರೆ ‘15 ದಿನ ಆಯ್ತು ಸಾರ್, ಏನಾಯ್ತು?’ ಅಂತ ಧೈರ್ಯವಾಗಿ ಕೇಳಬಹುದು.

ಅರ್ಜಿ ಹಾಕುವುದು

ಪಿಎಂ ಸ್ವನಿಧಿ ಪೋರ್ಟಲ್‌ನಲ್ಲಿ ನೀವೇ ಹಾಕಿದರೆ ಒಂದು ರೂಪಾಯಿಯೂ ಖರ್ಚಿಲ್ಲ. ಫೋನ್‌ನಲ್ಲಿ ಆಗದಿದ್ದರೆ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ. ಅರ್ಜಿಯಲ್ಲಿ ಯಾವ ಬ್ಯಾಂಕ್ ಬೇಕು ಅಂತ ಆರಿಸುವ ಜಾಗ ಇರುತ್ತದೆ, ಅಲ್ಲಿ ನಿಮ್ಮ ಉಳಿತಾಯ ಖಾತೆ ಇರುವ ಶಾಖೆಯನ್ನೇ ಹಾಕಿ. ಅವರಿಗೆ ನಿಮ್ಮ ಪರಿಚಯ ಇರುತ್ತದೆ, ಓಡಾಟವೂ ಕಡಿಮೆ. ಕಿರುಸಾಲ ಸಂಸ್ಥೆಗಳಿಂದಲೂ ಈ ಸಾಲ ಸಿಗುತ್ತದೆ, ಆದರೆ ಅಲ್ಲಿ ಬಡ್ಡಿ ಜಾಸ್ತಿ ಇರುತ್ತದೆ. ಶೇ 7ರ ಸಹಾಯಧನ ಎರಡೂ ಕಡೆ ಅಷ್ಟೇ ಆದ್ದರಿಂದ ಉಳಿದ ಬಡ್ಡಿ ನಿಮ್ಮ ತಲೆ ಮೇಲೇ ಬರುತ್ತದೆ.

‘ಸಾಲ ಮಂಜೂರು ಮಾಡಿಸಿಕೊಡುತ್ತೇನೆ, ಸಾವಿರ ಕೊಡಿ’ ಅನ್ನುವವರಿಗೆ ದುಡ್ಡೂ ಕೊಡಬೇಡಿ, ಒಟಿಪಿಯನ್ನಂತೂ ಹೇಳಲೇಬೇಡಿ. ಬ್ಯಾಂಕಿನಲ್ಲಿ ಯಾರಾದರೂ ಜಾಮೀನುದಾರರನ್ನು ಕರೆದುಕೊಂಡು ಬನ್ನಿ ಅಂದರೆ, ಈ ಯೋಜನೆಗೆ ಅದು ಬೇಕಿಲ್ಲ ಅಂತ ಮರ್ಯಾದೆಯಿಂದಲೇ ಹೇಳಿ.

ಯುಪಿಐ ಬಿಡಬೇಡಿ

ಸಾಲ ಬಂದ ಮೇಲೆ ಕ್ಯೂಆರ್ ಕೋಡ್ ಇಟ್ಟು ವ್ಯಾಪಾರ ಮಾಡಿದರೆ ಕ್ಯಾಶ್‌ಬ್ಯಾಕ್ ಉಂಟು. ಶುರುವಿನಲ್ಲಿ ಇದ್ದ ನಿಯಮದಲ್ಲಿ 25 ರೂಪಾಯಿ ಮೇಲಿನ ಪಾವತಿ ತಿಂಗಳಿಗೆ 50 ಆದರೆ 50 ರೂಪಾಯಿ, 200 ಆದರೆ 100 ರೂಪಾಯಿ ಬರುತ್ತಿತ್ತು. ಈಗ ಸಗಟು ಖರೀದಿಯನ್ನೂ ಸೇರಿಸಿ ಒಟ್ಟು 1,600 ರೂಪಾಯಿವರೆಗೆ ಸಿಗುವಂತೆ ಮಾಡಿದ್ದಾರೆ.

ಆದರೆ ಕರ್ನಾಟಕದಲ್ಲಿ ಯುಪಿಐ ಅಂದರೆ ಈಗ ಒಂದು ಹೆದರಿಕೆ ಇದೆ, ಅದು ಸುಳ್ಳಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದರು. ನಿಯಮ ಏನು ಅಂದರೆ, ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ, ಊಟ-ತಿಂಡಿಯಂಥ ಸೇವೆಗೆ 20 ಲಕ್ಷ ದಾಟಿದರೆ ಮಾತ್ರ ನೋಂದಣಿ. ತಾಜಾ ತರಕಾರಿ, ಹಣ್ಣು, ಹೂವು ಮಾತ್ರ ಮಾರುವವರಿಗೆ ಅದೂ ಬೇಡ. ತಿಂಡಿ ಗಾಡಿಯವರು ದಿನಕ್ಕೆ ಐದು ಸಾವಿರ ಮೇಲೆ ವ್ಯಾಪಾರ ಆಗುತ್ತಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡಿ. ಮನೆಯವರು, ನೆಂಟರು ಕಳಿಸುವ ದುಡ್ಡಿಗೆ ಬೇರೆ ಖಾತೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ವ್ಯಾಪಾರದ ಲೆಕ್ಕಕ್ಕೇ ಬಿದ್ದಂತೆ ಕಾಣುತ್ತದೆ.

ಕಂತು, ಆಮೇಲೆ ಎರಡನೇ ಸಾಲ

ಬಡ್ಡಿ ಸಹಾಯಧನ ಮೂರು ತಿಂಗಳಿಗೊಮ್ಮೆ ಲೆಕ್ಕ ಆಗುತ್ತದೆ, ಸರಿಯಾಗಿ ಕಂತು ಕಟ್ಟಿದವರಿಗೆ ಮಾತ್ರ. ಹಬ್ಬದ ವ್ಯಾಪಾರದಲ್ಲಿ ನಾಲ್ಕು ಕಾಸು ಜಾಸ್ತಿ ಬಂದರೆ ಮೊದಲೇ ತೀರಿಸಿಬಿಡಬಹುದು, ಅದಕ್ಕೆ ದಂಡ ಇಲ್ಲ. ದಿನಾ 50 ರೂಪಾಯಿ ಬೇರೆ ಡಬ್ಬಿಗೆ ಹಾಕಿದರೆ ತಿಂಗಳಿಗೆ 1,500 ಆಯಿತು, 15 ಸಾವಿರದ ಕಂತು ಅದರಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ವ್ಯಾಪಾರ ಬೀಳುವ ಊರುಗಳಲ್ಲಿ ಬೇಸಿಗೆಯಲ್ಲೇ ಎರಡು ಕಂತು ಎತ್ತಿಟ್ಟುಕೊಳ್ಳಿ.

ಬೀದಿ ವ್ಯಾಪಾರಿಗಳಲ್ಲ, ಸಣ್ಣ ಅಂಗಡಿ ಇದೆ ಅನ್ನುವವರಿಗೆ ಈ ಯೋಜನೆ ಅಲ್ಲ, ಮುದ್ರಾ ಸಾಲ ಇದೆ. ಅದರ ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗೆ ಬ್ಯಾಂಕಿನಲ್ಲಿ ಕೇಳಬಹುದು.

ಮೊದಲ ಸಾಲ ತೀರಿದ ದಿನವೇ ಬ್ಯಾಂಕಿನಿಂದ ಸಾಲ ತೀರಿದೆ ಅನ್ನುವ ಪತ್ರ ಕೇಳಿ ತಗೊಳ್ಳಿ. ಎರಡನೇ ಅರ್ಜಿ ಹಾಕುವಾಗ ‘ಹಳೇ ಸಾಲ ಇನ್ನೂ ಬಾಕಿ ಇದೆ’ ಅಂತ ತೋರಿಸಿದರೆ ಆ ಪತ್ರವೇ ಆಧಾರ. ಎರಡನೆಯದಕ್ಕೆ 18 ತಿಂಗಳು, ಮೂರನೆಯದಕ್ಕೆ 36 ತಿಂಗಳು ಕಾಲಾವಕಾಶ. ಎರಡನೇ ಸಾಲ ತೀರಿಸಿದವರಿಗೆ ಯುಪಿಐ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಸಿಗುತ್ತದೆ, ಅದನ್ನು ಮಾಲು ತರುವುದಕ್ಕೆ ಮಾತ್ರ ಬಳಸಿ, ಬಿಲ್ ಬಂದ ತಾರೀಖಿನೊಳಗೆ ಪೂರ್ತಿ ಕಟ್ಟಿ.