ಒಕ್ಕಲುತನದ ಅವ್ವನ ಬದುಕನ್ನು ಬರೆದಿಡುವ ಬಗೆ

ತಾಯಿಯ ವರ್ಷದ ಪುಣ್ಯಸ್ಮರಣೆಗೆ ಸಣ್ಣದೊಂದು ಪುಸ್ತಿಕೆ ಅಚ್ಚು ಹಾಕಿಸುವ ರೂಢಿ ಧಾರವಾಡ, ಗದಗ, ಹಾವೇರಿ ಸೀಮೆಯ ಹಳ್ಳಿಮನೆಗಳಿಗೂ ಬಂದಿದೆ. ಕರುಣಾಮಯಿ, ಸಹನಾಮೂರ್ತಿ, ತ್ಯಾಗಜೀವಿ ಎಂಬ ಮಾತುಗಳಿಂದ ತುಂಬಿದ ಪುಸ್ತಿಕೆಯ ಭಾವಚಿತ್ರವೊಂದನ್ನು ಬದಲಿಸಿದರೆ ಅದು ಯಾರ ತಾಯಿಗಾದರೂ ಒಪ್ಪುತ್ತದೆ. ಹೊಲಮನೆಯಲ್ಲೇ ಬದುಕು ಸವೆಸಿದ ಅವ್ವನನ್ನು ನೆನೆಯಬೇಕಾದರೆ ಗುಣಗಳ ಪಟ್ಟಿಗಿಂತ ಆಕೆಯ ಕೆಲಸವನ್ನು ಬರೆಯುವುದು ಮೇಲು. ಯಾವ ಕೆಲಸವನ್ನು ಯಾವ ಕಾಲದಲ್ಲಿ ಹೇಗೆ ಮಾಡುತ್ತಿದ್ದಳು ಎಂಬುದನ್ನು ಸರಿಯಾಗಿ ಹಿಡಿದರೆ ಗುಣ ತಾನಾಗಿಯೇ ಕಾಣುತ್ತದೆ. ಇನ್ನೂ ಒಂದು ಕಾರಣವಿದೆ. ಎಷ್ಟೋ ಮನೆಗಳಲ್ಲಿ ಪಹಣಿಯ ಮೇಲೆ ಇರುವುದು ಅಪ್ಪನ ಹೆಸರು, ಅದಕ್ಕೂ ಮುಂಚೆ ಅಜ್ಜನ ಹೆಸರು. ಆ ಹೊಲದಲ್ಲಿ ವರ್ಷವಿಡೀ ದುಡಿದವಳ ಹೆಸರು ಸರಕಾರದ ಯಾವ ಕಾಗದದಲ್ಲೂ ಬೆಳೆಯ ಜೊತೆ ಸೇರಿರುವುದಿಲ್ಲ. ನೀವು ಬರೆಯದೆ ಹೋದರೆ ಅದು ಬೇರೆಲ್ಲೂ ಸಿಗುವುದಿಲ್ಲ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಆಧಾರ ಕಾರ್ಡಿನಲ್ಲಿ ಜನ್ಮದಿನಾಂಕ ಜನವರಿ 1 ಅಥವಾ ಜೂನ್ 1 ಎಂದಿದ್ದರೆ ಅದು ಅಂದಾಜಿನಿಂದ ಬರೆಸಿದ್ದೆಂದೇ ತಿಳಿಯಬಹುದು. ಅದನ್ನು ಪುಸ್ತಿಕೆಯಲ್ಲಿ ನಿಜವಾದ ಹುಟ್ಟಿದ ದಿನವೆಂಬಂತೆ ಅಚ್ಚು ಹಾಕಿಸುವ ಬದಲು ‘ಸುಮಾರು’ ಎಂದು ಬರೆಯುವುದೇ ಪ್ರಾಮಾಣಿಕತೆ. ಹಿರಿಯರಿಗೆ ಇಸವಿ ಕೇಳಿದರೆ ನೆನಪಾಗುವುದಿಲ್ಲ, ಊರು ಕಂಡ ದೊಡ್ಡ ಸಂಗತಿಯನ್ನು ಹೇಳಿ ಕೇಳಿದರೆ ಥಟ್ಟನೆ ಹೇಳುತ್ತಾರೆ. 1972ರ ದೊಡ್ಡ ಬರ ಬಿದ್ದಾಗ ಆಕೆಯ ಮಡಿಲಲ್ಲಿ ಕೂಸಿತ್ತೇ, 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬಂಡೆದ್ದಾಗ ಮನೆಯಲ್ಲಿ ಯಾರು ಯಾರಿದ್ದರು, ಇಂದಿರಾ ಗಾಂಧಿ ತೀರಿಕೊಂಡ 1984ರಲ್ಲಿ ಹಿರಿಯ ಮಗಳ ಲಗ್ನವಾಗಿತ್ತೇ ಎಂದು ಕೇಳುತ್ತಾ ಹೋದರೆ ಎರಡು ಮೂರು ವರ್ಷಗಳ ಅಂತರದೊಳಗೆ ಎಲ್ಲವೂ ಕೂಡಿಬರುತ್ತದೆ. ಹಳೆಯ ಕಾಗದಪತ್ರ ನೋಡುವಾಗ ನೆನಪಿಡಬೇಕಾದ ಸಂಗತಿಯೆಂದರೆ, ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಪತ್ರಗಳಲ್ಲಿ ಬ್ಯಾಡಗಿ, ರೋಣದಂಥ ಊರುಗಳೆಲ್ಲ ಧಾರವಾಡ ಜಿಲ್ಲೆ ಎಂದೇ ಇರುತ್ತವೆ. 1956ಕ್ಕಿಂತ ಹಿಂದಿನವಾದರೆ ಮುಂಬಯಿ ಸರಕಾರದ ಹೆಸರು ಕಾಣಬಹುದು. ತವರಿನ ಮಾಹಿತಿಯನ್ನು ಬೇಗ ಕೇಳಿಕೊಳ್ಳಬೇಕು, ಆಕೆಯ ಚಿಕ್ಕಂದಿನ ಗೆಳತಿಯರು ಇರುವುದು ಅಲ್ಲಿಯೇ.

ಬರವಣಿಗೆಯನ್ನು ಹುಟ್ಟು, ಮದುವೆ, ಮಕ್ಕಳು, ಸಾವು ಎಂಬ ಕ್ರಮದಲ್ಲಿ ಕಟ್ಟಬೇಡಿ. ಆಕೆ ಬದುಕಿದ್ದು ಮಳೆಯ ಲೆಕ್ಕದಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಲೆಕ್ಕದಲ್ಲಿ. ಮಿರಗದ (ಮೃಗಶಿರಾ) ಮಳೆಯಿಂದ ಹಿಡಿದು ಒಂದು ವರ್ಷವನ್ನು ಪೂರ್ತಿ ಬರೆಯಿರಿ: ಮುಂಗಾರಿಯಲ್ಲಿ ಹೆಸರು, ಶೇಂಗಾ ಬಿತ್ತನೆ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ, ಮಣ್ಣೆತ್ತಿನ ಅಮಾವಾಸ್ಯೆ, ಪಂಚಮಿಯ ಉಂಡಿ, ಉತ್ತರಿ, ಹಸ್ತದ ಮಳೆಗೆ ಎರೆಹೊಲದಲ್ಲಿ ಬಿಳಿಜೋಳ, ಕಡಲೆ, ಶೀಗಿ ಹುಣ್ಣಿಮೆಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದು, ಮೆಣಸಿನಕಾಯಿ ಬಿಡಿಸುವುದು, ಬೇಸಗೆಯ ಬಾಯಿಗೆ ಹತ್ತಿ. ಪ್ರತಿಯೊಂದರ ಎದುರಿಗೆ ಆಕೆಯ ಪಾಲಿನ ಕೆಲಸವೇನಿತ್ತು ಎಂದು ನಿಮಗೆ ಗೊತ್ತಿದ್ದಷ್ಟು ಬರೆದು, ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ. ಯಾರನ್ನು ಏನು ಕೇಳಬೇಕೆಂಬುದು ಆ ಖಾಲಿ ಜಾಗಗಳಿಂದಲೇ ತಿಳಿಯುತ್ತದೆ. ಚರಗ ಚೆಲ್ಲುವಾಗಿನ ಕೂಗು ಊರಿಂದೂರಿಗೆ ಬದಲಾಗುವುದರಿಂದ ನಿಮ್ಮ ಮನೆಯಲ್ಲಿ ಕೂಗುತ್ತಿದ್ದಂತೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಕೇಳುವ ರೀತಿಯಲ್ಲಿಯೇ ಅರ್ಧ ಕೆಲಸ ಅಡಗಿದೆ. ಆಕೆಯ ಸರೀಕರ ಮುಂದೆ ಕುಳಿತು “ನಮ್ಮವ್ವ ಹೆಂಗಿದ್ಲಬೇ?” ಎಂದರೆ “ಬಂಗಾರದಂಥಾ ಹೆಣಮಗಳು” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. “ಕಳೆ ತಗ್ಯಾಕ ಹ್ವಾದಾಗ ಅಕಿ ಮುಂದಿರತಿದ್ಲೋ ಹಿಂದೋ? ಬುತ್ತ್ಯಾಗ ಏನ್ ತರ್ತಿದ್ಲು? ಯಾರ ಹೊಲಕ್ಕ ಮುಯ್ಯಾಳಾಗಿ ಹೋಗಾಕ ಒಲ್ಲೆ ಅಂತಿದ್ಲು?” ಎಂದು ಕೇಳಿ ನೋಡಿ. (ಮುಯ್ಯಾಳೆಂದರೆ ಕೂಲಿಯ ಬದಲು ಕೆಲಸಕ್ಕೆ ಕೆಲಸ ಎಂದು ಹೋಗುವ ಆಳು.) ಮೂರನೆಯ ಪ್ರಶ್ನೆಗೆ ಮುದುಕಿಯರು ನಕ್ಕು, ಆಚೀಚೆ ನೋಡಿ, ನೀವು ಎಂದೂ ಕೇಳಿರದ ಕತೆಯೊಂದನ್ನು ಬಿಚ್ಚುತ್ತಾರೆ. ಕೈಗೆ ಕೆಲಸವಿರುವಾಗ ಅವರ ನೆನಪು ಚುರುಕಾಗಿರುತ್ತದೆ. ಶೇಂಗಾ ಒಡೆಯುತ್ತಲೋ ಕಾಳು ಹಸನು ಮಾಡುತ್ತಲೋ ಕುಳಿತವರ ಬಳಿ ನೀವೂ ಕುಳಿತು ಕೈ ಹಾಕಿರಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವುದಾದರೆ ಅವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದು, ಫ್ಯಾನಿನ ಗಾಳಿಗೆ ದೂರವಾಗಿ ಫೋನು ಇಟ್ಟು, ಯಾರು, ಯಾವ ಊರು, ಯಾವ ದಿನ ಎಂಬುದನ್ನು ಮುದ್ರಿಕೆಯ ಆರಂಭದಲ್ಲಿಯೇ ನೀವೇ ಹೇಳಿರಿ. ಆಕೆ ಹಾಡುತ್ತಿದ್ದ ಬೀಸುವ ಪದ, ಸೋಬಾನ ಪದ ಯಾರಿಗಾದರೂ ಬರುತ್ತಿದ್ದರೆ ಪೂರ್ತಿ ಹಾಡಿಸಬೇಕು; ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲಿನ ಜೊತೆ ಪದಗಳೂ ಮೂಲೆ ಸೇರಿವೆ. ಇಂಥ ಮುದ್ರಿಕೆಗಳ ಪ್ರತಿಯನ್ನು ಕೊಡಬಹುದೇ ಎಂದು ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು.

ಒಂದು ಕೆಲಸವನ್ನಾದರೂ ಓದಿದವರು ತಾವೇ ಮಾಡಬಲ್ಲಷ್ಟು ವಿವರವಾಗಿ ಬರೆಯಬೇಕೆಂಬುದು ನನ್ನ ಒತ್ತಾಯ. ನಾನು ಆರಿಸಿಕೊಂಡದ್ದು ಬೀಜ. ನಮ್ಮ ಅವ್ವ ಬಿಳಿಜೋಳದ ಬೀಜವನ್ನು ರಾಶಿಯಿಂದ ತೆಗೆಯುತ್ತಿರಲಿಲ್ಲ. ಕೊಯ್ಲಿಗೆ ಮುಂಚೆಯೇ ಹೊಲದ ನಡುವೆ ನಡೆದು, ಬದುವಿನ ಸಾಲುಗಳನ್ನು ಬಿಟ್ಟು, ಕಾಳು ಒತ್ತಾಗಿ ಕೂತ, ಕಾಡಿಗೆ ರೋಗ ತಾಗದ ತೆನೆಗಳನ್ನು ಮಾತ್ರ ಮುರಿದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವನ್ನು ಒಣಗಿಸಿ, ಕೈಯಿಂದಲೇ ತಿಕ್ಕಿ ಕಾಳು ಬಿಡಿಸಿ, ಒಲೆಯ ಬೂದಿಯನ್ನು ಜರಡಿ ಹಿಡಿದು ಬೆರೆಸಿ, ಒಣಗಿದ ಬೇವಿನ ಎಲೆಯ ಪದರ ಹಾಕಿ ಮಣ್ಣಿನ ಗಡಿಗೆಯಲ್ಲಿ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಹಲ್ಲಿನಿಂದ ಒಂದು ಕಾಳು ಕಡಿದು ‘ಕಟ್’ ಎಂಬ ಸಪ್ಪಳ ಬಂದರೆ ಒಣಗಿದೆ ಎಂದು ಅರ್ಥ, ಇಲ್ಲವಾದರೆ ಇನ್ನೊಂದು ಬಿಸಿಲು. ಹೀರೆ, ಕುಂಬಳದ ಬೀಜಗಳು ಸಗಣಿಯಲ್ಲಿ ಕಲಸಿಕೊಂಡು ಹಿತ್ತಲ ಗೋಡೆಗೆ ಅಂಟಿರುತ್ತಿದ್ದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ ಹೊಸ ತಳಿ ತಂದ ವರ್ಷವೂ ಹಳೆಯ ಗಡಿಗೆಯನ್ನು ಆಕೆ ಬರಿದು ಮಾಡಲಿಲ್ಲ. ಇಷ್ಟು ಬರೆದ ಮೇಲೆ ಆಕೆ ಜಾಣೆ, ದೂರದೃಷ್ಟಿಯವಳು ಎಂದು ಬೇರೆ ಸಾಲು ಸೇರಿಸುವ ಅಗತ್ಯ ನನಗೆ ಬೀಳಲಿಲ್ಲ.

ವಸ್ತುಗಳ ಪೈಕಿ ಕೌದಿಯನ್ನು, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಹೊದಿಕೆಯನ್ನು, ಮೊದಲು ಕಾಪಾಡಿ. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಅಕ್ಕತಂಗಿಯರನ್ನು ಕೂಡಿಸಿ ಯಾವ ತುಂಡು ಯಾವ ಬಟ್ಟೆಯದು ಎಂದು ಕೇಳಿ, ಹಗಲ ಬೆಳಕಿನಲ್ಲಿ ಕೌದಿಯ ಫೋಟೋ ತೆಗೆದು, ಅದರ ಮೇಲೆ ಅಂಕಿ ಹಾಕಿ ಕೆಳಗೆ ವಿವರ ಬರೆಯಿರಿ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ತೇವ ಹಿಡಿದು ಕಪ್ಪು ಕಲೆ ಬೀಳುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆಯ ಗೆರೆ ಬದಲಿಸಿ ಇಡಬೇಕು. ಕುರ್ಪಿ, ಕುಡುಗೋಲಿನಂಥವನ್ನು ತುಸು ಎಣ್ಣೆ ಸವರಿ ಇಟ್ಟರೆ ಸಾಕು.

ಅಡಿಗೆಯ ವಿಷಯದಲ್ಲಿ ಅಳತೆಯದೇ ತೊಡಕು. ಆಕೆಯ ಹಿಡಿ, ಚಿಟಿಕೆಗಳನ್ನು ಹಾಗೆಯೇ ಬರೆದು, ಆಕೆಯ ಕೈಯಡಿಯಲ್ಲಿ ಕಲಿತ ಸೊಸೆಯೋ ಮಗಳೋ ಗುರೆಳ್ಳು ಹಿಂಡಿ (ಚಟ್ನಿಪುಡಿ) ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟು ತೂಗಿ, ಗ್ರಾಮಿನ ಲೆಕ್ಕವನ್ನೂ ಜೊತೆಗೆ ಕೊಡಿ.

ಸಾಲ, ಆಸ್ತಿ ಪಾಲಿನ ಜಗಳ, ಆಕೆಗೆ ಮನೆಯವರಿಂದಲೇ ಆದ ನೋವು ಇವುಗಳನ್ನು ಬರೆಯಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರವನ್ನೂ ಸಾಲವನ್ನೂ ಬಿಟ್ಟು ಬರೆದರೆ ಒಕ್ಕಲುತನವೇ ಸುಳ್ಳಾಗುತ್ತದೆ, ಆದ್ದರಿಂದ ಅವು ಇರಲಿ. ಬದುಕಿರುವವರ ಜಗಳವನ್ನು ಮಾತ್ರ ಮನೆಯಲ್ಲೇ ಇಟ್ಟುಕೊಳ್ಳುವ ಒಂದು ಪ್ರತಿಯಲ್ಲಿ ಬೇರೆಯಾಗಿ ಬರೆದಿಟ್ಟು, ಅಚ್ಚಿಗೆ ಕೊಡುವ ಪ್ರತಿಯಿಂದ ತೆಗೆಯಿರಿ.

ನಿರೂಪಣೆ ಗ್ರಾಂಥಿಕ ಕನ್ನಡದಲ್ಲಿದ್ದರೂ ಆಕೆಯ ಮಾತುಗಳು ಆಕೆ ಆಡಿದಂತೆಯೇ ಇರಬೇಕು. ‘ಅಕಿ’ಯನ್ನು ‘ಆಕೆ’ ಎಂದೂ ‘ಹೋಗಾಕ’ ಎಂಬುದನ್ನು ‘ಹೋಗಲು’ ಎಂದೂ ತಿದ್ದಿದರೆ ಕೇಳುವ ಧ್ವನಿ ಬೇರೆ ಯಾರದೋ ಆಗುತ್ತದೆ. ಟೈಪು ಮಾಡಿಸುವಾಗ, ಕಂಪ್ಯೂಟರು ಮೊಬೈಲುಗಳಲ್ಲೆಲ್ಲ ಓದಲು ಬರುವ ಯೂನಿಕೋಡಿನಲ್ಲಿ ಮಾಡಿಸಿ. ಮುದ್ರಣಾಲಯದವರು ಅದನ್ನು ‘ನುಡಿ’ ಎಂಬ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದರೆ ಒತ್ತಕ್ಷರಗಳು ಅದಲುಬದಲಾಗುವ ಸಂಭವವಿದೆ, ಆದ್ದರಿಂದ ಬದಲಾಯಿಸಿದ ನಂತರ ಕರಡನ್ನು ಮತ್ತೊಮ್ಮೆ ಮೊದಲಿನಿಂದ ಓದಬೇಕು. ಪುಟಗಳ ಸಂಖ್ಯೆ 8ರ ಅಥವಾ 16ರ ಲೆಕ್ಕದಲ್ಲಿ ಬಂದರೆ ಕಾಗದ ಹಾಳಾಗುವುದಿಲ್ಲ. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ ಇಂಥ ಕೆಲಸಕ್ಕೆ ಒಗ್ಗಿದ ಮುದ್ರಣಾಲಯಗಳಿವೆ.

ಕೊನೆಯ ನಾಲ್ಕು ಪುಟಗಳನ್ನು ಗೆರೆ ಹಾಕಿ ಖಾಲಿ ಬಿಡಿ. ಒಂದು ಪ್ರತಿಯನ್ನು ತವರುಮನೆಗೆ, ಒಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಟ್ಟು, ಬಂಧುಗಳ ಕೈಗೆ ಕೊಡುವಾಗ ತಪ್ಪಿದ್ದರೆ ಆ ಪುಟಗಳಲ್ಲಿ ಬರೆದು ಮುಂದಿನ ವರ್ಷ ಹಿರಿಯರ ಪೂಜೆಗೆ ಬರುವಾಗ ತರಬೇಕೆಂದು ಹೇಳಿರಿ. ಓದು ಬಾರದವರಿಗೆ ಅದೇ ದಿನ ಯಾರಾದರೂ ಓದಿ ಹೇಳಿ, ಅವರ ತಿದ್ದುಪಡಿಗಳನ್ನೂ ಅಲ್ಲಿಯೇ ಬರೆದುಕೊಳ್ಳಬೇಕು.