ಪದ್ಮಿನಿ, ಮಾರುತಿ 800 ಮತ್ತು ಚಾರ್ಮಾಡಿ ಘಾಟಿ

ಹಳೆಯ ಕಾರುಗಳ ಹೋಲಿಕೆ ಹೆಚ್ಚಾಗಿ ನೆನಪಿನ ಬಲದಿಂದಲೇ ನಡೆಯುತ್ತದೆ. ಒಂದು ಕಾರು ಟ್ಯೂನಿಂಗ್ ಕಂಡಿರುತ್ತದೆ, ಇನ್ನೊಂದು ವರ್ಷಗಟ್ಟಲೆ ಕಂಡಿರುವುದಿಲ್ಲ. ತೀರ್ಪು ಮಾತ್ರ ಸಿದ್ಧವಾಗಿರುತ್ತದೆ. ಆದ್ದರಿಂದ ನನ್ನ 1978ರ ಪ್ರೀಮಿಯರ್ ಪದ್ಮಿನಿಯನ್ನೂ 1994ರ ಮಾರುತಿ 800 ಅನ್ನೂ ಚಾರ್ಮಾಡಿ ಘಾಟಿಗೆ ಒಯ್ಯುವ ಮೊದಲು ಎರಡಕ್ಕೂ ಎಂಜಿನ್ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಸೆಟ್ ಮಾಡಿ, ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಹಿಡಿದು ಕವಾಟಗಳ ಟ್ಯಾಪೆಟ್ ಅಂತರ ಸರಿಪಡಿಸಿ, ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳದೆಂದು ಪೆಟ್ರೋಲ್ ಪೈಪುಗಳನ್ನೂ ಬದಲಿಸಿದೆ.

ಅರ್ಧ ಹೋಲಿಕೆ ಅಲ್ಲಿಯೇ ಮುಗಿಯಿತೆನ್ನಬಹುದು. ಇಟಲಿಯ ಫಿಯಟ್ 1100ರ ವಿನ್ಯಾಸದಿಂದ ಬಂದ ಪದ್ಮಿನಿಯ ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಬದಿಗೆ ಕೈ ಸಲೀಸಾಗಿ ಇಳಿಯುತ್ತದೆ. ಮುಂಚಕ್ರ ಎಡಬಲಕ್ಕೆ ತಿರುಗುವ ಕೀಲುಗಳಾದ ಕಿಂಗ್‌ಪಿನ್‌ಗಳ ನಿಪ್ಪಲಿಗೆ ಗ್ರೀಸ್ ಗನ್ ಒತ್ತಿ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಒತ್ತುತ್ತಲೇ ಇರಬೇಕು. ಇದನ್ನು ಮರೆತವರಿಗೆ ಸ್ಟಿಯರಿಂಗೇ ನೆನಪಿಸುತ್ತದೆ. ಮಾರುತಿಗೆ ಈ ಉಪಚಾರ ಬೇಡ. ಆದರೆ ಅದರ ಎಂಜಿನ್ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಮುಚ್ಚಳದೊಳಗೆ ಕುಳಿತು ಸವೆಯುತ್ತದೆ, ಕಿಲೋಮೀಟರ್ ಲೆಕ್ಕವಿಟ್ಟು ಬದಲಿಸದೆ ವಿಧಿಯಿಲ್ಲ.

ಎರಡರ ಶಕ್ತಿಯೂ ಹತ್ತಿರಹತ್ತಿರ 40 ಅಶ್ವಶಕ್ತಿ. ಪದ್ಮಿನಿಯದು 1089 ಸಿಸಿಯ ನಾಲ್ಕು ಸಿಲಿಂಡರ್, ಮಾರುತಿಯದು 796 ಸಿಸಿಯ ಮೂರು. ತೂಕದಲ್ಲಿ ಮಾತ್ರ ಪದ್ಮಿನಿ ಸುಮಾರು 900 ಕೆ.ಜಿ., ಮಾರುತಿ 650ರ ಆಸುಪಾಸು; ಹೀಗಾಗಿ ಏರಿನಲ್ಲಿ ಮಾರುತಿಯೇ ಚುರುಕು. ಆದರೂ ಒದ್ದೆಯಾದ ತಿರುವುಗಳಲ್ಲಿ, ಏರಿನ ಭಾರವೆಲ್ಲ ಹಿಂದಕ್ಕೆ ಸರಿದು, ಮುಂಚಕ್ರದಿಂದ ಎಳೆಯುವ ಮಾರುತಿಯ ಒಳಚಕ್ರ ಹಿಡಿತ ತಪ್ಪಿ ಸುತ್ತುತ್ತಿದ್ದ ಕಡೆಯಲ್ಲೇ, ಹಿಂಚಕ್ರದಿಂದ ತಳ್ಳುವ ಪದ್ಮಿನಿ ಅಳುಕದೆ ಏರಿತು. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿಗೆ ಕೈ ಒಗ್ಗಿದ್ದರೆ ಅದೊಂದು ಸುಖವೇ.

ಇಳಿಜಾರಿನಲ್ಲಿ ಲೆಕ್ಕ ತಿರುಗಿತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಪದ್ಮಿನಿಯನ್ನು ಎರಡನೆಯ ಗೇರಿನಲ್ಲಿಯೇ ಹಿಡಿದಿಟ್ಟರೂ ಬ್ರೇಕಿನ ಉಜ್ಜುಪಟ್ಟಿಯಾದ ಲೈನಿಂಗ್ ಕಾದ ವಾಸನೆ ಬಂತು, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗತೊಡಗಿತು. ಮುಂದೆ ಡಿಸ್ಕ್ ಬ್ರೇಕ್ ಇರುವ ಮಾರುತಿಯಲ್ಲಿ ಅಂಥ ಆತಂಕವಿರಲಿಲ್ಲ. ದಿನನಿತ್ಯ ಘಾಟಿ ಇಳಿಯುವವರಿಗೆ ನಾನು ಮಾರುತಿಯನ್ನೇ ಹೇಳುತ್ತೇನೆ. ಅದರ ಪ್ಯಾಡುಗಳು ನಮ್ಮ ಊರಿನ ಅಂಗಡಿಯಲ್ಲಿಯೇ ಸಿಗುತ್ತವೆ. ಪದ್ಮಿನಿಯ ಲೈನಿಂಗಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬೇಕಾಯಿತು.